ಅಜ್ಜಿ ಬ್ಯಾಂಡ್ ಸೇರಿದಳು

ಬೆಳಿಗ್ಗೆ ಹಿತ್ತಾಳೆ ಚರಿಗೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಆ ಹುಳಿ ವಾಸನೆಗೆ ಕುಷ್ಟಗಿಯ ನಮ್ಮ ಓಣಿ ಕಣ್ಣೆದುರು ಬಂತು. ಅಲ್ಲಿ ಖಾಸೀಮ್ ಚಾಚಾ ತಮ್ಮ ಬ್ಯಾಂಡಿನ ತುತ್ತೂರಿಗಳನ್ನು ಹೀಗೇ ಬೆಳಗಿ ಕಟ್ಟೆಯ ಮೇಲೆ ಬಿಸಿಲಿಗಿಡುತ್ತಿದ್ದರು.

ಅವರ ಬ್ಯಾಂಡ್ ಪಾರ್ಟಿಯಲ್ಲಿ ಜನ ನಿಲ್ಲುತ್ತಿರಲಿಲ್ಲ. ಒಬ್ಬನಿಗೆ ಸರಕಾರಿ ನೌಕರಿ ಸಿಗುತ್ತಿತ್ತು, ಇನ್ನೊಬ್ಬ ಗಂಗಾವತಿಯ ಅಕ್ಕಿ ಗಿರಣಿ ಸೇರುತ್ತಿದ್ದ. ಹೋದವರು ತಮ್ಮ ಹಾಡನ್ನು ಪಾರ್ಟಿಯಲ್ಲೇ ಬಿಟ್ಟು ಹೋಗುತ್ತಿದ್ದರು. ಹಾಗಾಗಿ ಉಳಿದವರು ಕವ್ವಾಲಿ ಶುರುಮಾಡಿದರೆ ಅದು ಭಜನೆಯಾಗಿ, ತೆಲುಗು ಸಿನಿಮಾದ ಕುಣಿತವಾಗಿ ಮುಗಿಯುತ್ತಿತ್ತು.

ನಮ್ಮ ಚಿಕ್ಕಮ್ಮನ ಮದುವೆಯ ದಿನ ಮುಂದೆ ನಿಂತು ಹಾಡುವವನೇ ಬರಲಿಲ್ಲ. ಬೀಗರು ಊರೊಳಗೆ ಬಂದಾಗಿತ್ತು. ಚಿಕ್ಕಮ್ಮ ಅಳುವುದೊಂದು ಬಾಕಿ. ಅಷ್ಟರಲ್ಲಿ ಒಳಗೆ ಅಜ್ಜಿ ಬೀಸುಕಲ್ಲು ಬೀಸುತ್ತ ಹಾಡುವುದು ಚಾಚಾ ಕಿವಿಗೆ ಬಿತ್ತು.

"ಅವ್ವಾರ, ಇದನ್ನ ಹೊರಗ ಬಂದು ಹಾಡ್ರಿ. ನಾವು ಬೆನ್ನಿಗಿರ್ತೀವಿ."

"ಬೀಸೋ ಪದಕ್ಕ ಯಾರಾರ ಡ್ರಮ್ ಬಾರಿಸ್ತಾರೇನೋ ಹುಚ್ಚ?" ಎಂದ ಅಜ್ಜಿ, ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು.

ಮೊದಲು ಡ್ರಮ್ಮು ತಡವರಿಸಿತು. ಆಮೇಲೆ ಚಾಚಾನ ಕ್ಲಾರಿನೆಟ್ ಅವಳ ದನಿಯ ಬೆನ್ನು ಹತ್ತಿತು. ನೋಡುನೋಡುತ್ತ ಬೀಗರೇ ಕುಣಿಯತೊಡಗಿದರು.

"ಈ ಅಮ್ಮಾರು ನಿಮ್ಮ ಪಾರ್ಟಿಯವರೇನ್ರಿ?" ವರನ ತಂದೆ ಕೇಳಿದರು.

"ಇವತ್ತಿನಿಂದ ಹೌದ್ರಿ," ಅಂದರು ಚಾಚಾ.

ಮುಂದೆ ಯಲಬುರ್ಗಾ, ಕುಕನೂರಿನ ಮದುವೆಗಳಿಗೂ ಅಜ್ಜಿ ಹೋದಳು. ಇಳಕಲ್ ಸೀರೆಯ ಮೇಲೆ ಬ್ಯಾಂಡಿನ ಕೆಂಪು ಕೋಟು ಹಾಕಿಕೊಂಡೇ ಹೋಗುತ್ತಿದ್ದಳು.

ಈಗ ಚಾಚಾನ ಮೊಮ್ಮಗ ಪಾರ್ಟಿ ನಡೆಸುತ್ತಾನೆ. ಮೊನ್ನೆ ಸಂತೆಯಲ್ಲಿ ಸಿಕ್ಕು, "ಅಕ್ಕಾರ, ನಮ್ಮಾಗ ಹಾಡೋರು ಕಮ್ಮಿ ಆಗ್ಯಾರ. ನೀವು ಬರ್ತೀರೇನ್ರಿ?" ಅಂದ. ನಕ್ಕು ಮನೆಗೆ ಬಂದೆ. ಆಗಿನಿಂದ ದಿನಾ ಬಿಸಿನೀರು ಕುಡಿದು ಗಂಟಲು ಸರಿಮಾಡಿಕೊಳ್ಳುತ್ತಿದ್ದೇನೆ.