ನಾನು ಹೋಗದ ಓಣಿ

ಶಾರದಾ, ಇಳಕಲ್ಲಿನ ನಿಮ್ಮ ಓಣಿಯ ಬಗ್ಗೆ ನಾನು ಬರೆದ ಲೇಖನ ಸುಳ್ಳು. ಆ ಓಣಿಗೆ ನಾನು ಕಾಲಿಟ್ಟೇ ಇರಲಿಲ್ಲ. ಅಲ್ಲಿಯ ಹೆಂಗಸರು ಹೇಳಿದರೆಂದು ಅಚ್ಚಾದ ಮಾತುಗಳನ್ನು ಬಾಗಲಕೋಟೆಯ ನವನಗರದ ನನ್ನ ಬಾಡಿಗೆ ಮನೆಯಲ್ಲಿ ಕೂತು ನಾನೇ ಬರೆದೆ. ನಿನ್ನ ಡಾಕ್ಟರೇಟ್ ನಿಂತುಹೋದದ್ದು ಆ ಸುಳ್ಳಿನಿಂದ. ಇದು ನಿನಗೆ ಇಂದಿಗೂ ಗೊತ್ತಿಲ್ಲ — ಗೊತ್ತಾಗದಂತೆ ನೋಡಿಕೊಂಡವಳೂ ನಾನೇ.

ಆಗ ನಾನೂ ನಿನ್ನಂತೆ ಸಂಶೋಧನಾ ವಿದ್ಯಾರ್ಥಿನಿ. ಮಹಾಪ್ರಬಂಧ ಒಪ್ಪಿಸುವ ಮೊದಲು ಎರಡು ಲೇಖನ ಪ್ರಕಟವಾಗಿರಬೇಕಿತ್ತು. ಒಂದು ಆಗಿತ್ತು. ಎರಡನೆಯದಕ್ಕೆಂದು ಇಳಕಲ್ಲಿನ ನೇಕಾರರ ಮನೆಯ ಹೆಂಗಸರನ್ನು ಒಂದೇ ಪ್ರಶ್ನೆ ಕೇಳುತ್ತ ಹೊರಟೆ — ನೀವು ಏನು ಕೆಲಸ ಮಾಡುತ್ತೀರಿ? ಎರಡು ಓಣಿ ತಿರುಗಿದೆ. ಬೆಳಗಿನಿಂದ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಿದ್ದವರು, ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆ ಕೂಡಿಸುತ್ತಿದ್ದವರು, ಕೈ ನಿಲ್ಲಿಸದೆ ಹೇಳಿದರು: "ನಾವೇನ್ ಮಾಡ್ತೇವ್ರಿ, ಮನ್ಯಾಗ ಇರ್ತೇವಿ. ನೇಯಾವ್ರು ಗಂಡಸ್ರು."

ನನಗೆ ಬೇಕಾದ ಮಾತು ಅದಲ್ಲ. 'ನಾನೂ ನೇಕಾರಳೇ' ಎಂದು ಒಬ್ಬಳಾದರೂ ಅನ್ನಲಿ ಎಂದು ಕಾದೆ. ಅಷ್ಟರಲ್ಲಿ ಪತ್ರಿಕೆಗೆ ಲೇಖನ ಮುಟ್ಟಿಸುವ ಕೊನೆಯ ದಿನ ಹತ್ತಿರ ಬಂತು. ಮೂರನೆಯ ಓಣಿ ಉಳಿದಿತ್ತು, ನಿಮ್ಮದು. ಬಸ್ಸು ಹತ್ತಿದ್ದರೆ ಎರಡು ತಾಸಿನ ದಾರಿ. ಹತ್ತಲಿಲ್ಲ.

ಬರೆಯುವುದು ಎಷ್ಟು ಸಲೀಸಾಗಿತ್ತೆಂದರೆ — ನನ್ನ ನಾಚಿಕೆ ಇರುವುದೇ ಅಲ್ಲಿ. ಒಬ್ಬ ಮುದುಕಿಯನ್ನು ಹುಟ್ಟಿಸಿ ಆಕೆಗೆ ಕೆಮ್ಮು ಕೊಟ್ಟೆ. ಒಬ್ಬ ಸೊಸೆ ಅತ್ತೆಯ ಮುಖ ನೋಡಿ ನಕ್ಕಳು ಎಂದು ಬರೆದೆ. ಎಲ್ಲರೂ 'ನಾನೂ ನೇಕಾರಳೇ' ಅಂದರು. ಅನ್ನದೆ ಏನು ಮಾಡ್ಯಾರು, ಬಾಯಿ ನನ್ನದೇ ಇತ್ತಲ್ಲ. ಲೇಖನವನ್ನು ಬಲ್ಲವರು ಮೆಚ್ಚಿದರು. ನನಗೆ ಪದವಿ ಬಂತು, ನೌಕರಿ ಬಂತು, ವರ್ಷಗಳು ಕಳೆದ ಮೇಲೆ ಬೇರೆಯವರಿಗೆ ಮಾರ್ಗದರ್ಶನ ಮಾಡುವ ಕುರ್ಚಿಯೂ ಬಂತು.

ಆ ಕುರ್ಚಿಯ ಮುಂದೆ ಒಂದು ದಿನ ನೀನು ಬಂದು ನಿಂತೆ. "ಮೇಡಂ, ನಿಮ್ಮ ಲೇಖನದಾಗ ನಮ್ಮ ಓಣಿ ಹೆಸರು ಓದಿ ಬಂದೇನ್ರಿ. ನಮ್ಮವ್ವನಂಥವ್ರು ಹಂಗ ಅಂದಿದ್ದು ನಾ ಎಂದೂ ಕೇಳಿಲ್ರಿ." ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರಲ್ಲ, ನನ್ನದೂ ಹಾಗೇ ಆಯಿತು. ನಿನ್ನನ್ನು ಬೇರೆಯವರ ಬಳಿ ಕಳಿಸಬಹುದಿತ್ತು. ಯಾಕೆ ಎಂದು ಯಾರಾದರೂ ಕೇಳಿಯಾರು ಎಂದು ಹೆದರಿದೆ. ಮತ್ತೆ, ನೀನು ನನಗೆ ಇಷ್ಟವಾಗಿದ್ದೆ. ಅದೂ ಖರೆ.

ನಿನ್ನ ಮೊದಲ ಲೇಖನಕ್ಕೆ ನೀನು ಅದೇ ಓಣಿಯನ್ನು, ಅದೇ ಪ್ರಶ್ನೆಯನ್ನು ಆರಿಸಿಕೊಂಡೆ. ಮನೆಮನೆಗೆ ಹೋಗಿ ಬಂದು ಹಾಳೆಗಳ ಕಟ್ಟು ನನ್ನ ಮುಂದಿಟ್ಟೆ. 'ನಾನೂ ನೇಕಾರಳೇ' ಎಂದವರು ಅದರಲ್ಲಿ ಒಬ್ಬರೂ ಇರಲಿಲ್ಲ. "ನೀವು ಬಂದಿದ್ದೂ ಯಾರಿಗೂ ನೆನಪಿಲ್ಲಂತ್ರಿ ಮೇಡಂ," ಎಂದು ನಕ್ಕೆ. ನಿನ್ನ ನಗೆಯಲ್ಲಿ ಸಂಶಯದ ಎಳೆಯೂ ಇರಲಿಲ್ಲ.

"ವರ್ಷ ಭಾಳ ಆದ್ವು," ಅಂದೆ ನಾನು. ಹಾಳೆಗಳನ್ನು ಓದಿದವಳಂತೆ ತಿರುವಿ ಹಾಕಿ, ಈ ಮಾತೂ ಆಡಿದೆ: "ನೀ ಸರಿ ಕೇಳಿಲ್ಲ, ಶಾರದಾ. ಮತ್ತೊಮ್ಮೆ ಹೋಗು."

ನೀನು ಹೋದೆ. ಸಪ್ಪೆ ಮೋರೆ ನೋಡಿ ನಿಮ್ಮವ್ವ ಕೇಳಿದಳಂತೆ: "ನಿಮ್ಮ ಮೇಡಂ ಅವ್ರಿಗೆ ಏನ್ ಅನಬೇಕು ಹೇಳವಾ, ಹಂಗ ಅಂತೇನಿ." ನಿನ್ನಿಂದ ತಿಳಿದುಕೊಂಡು, ನೀನು ಬೇಡವೆಂದರೂ ಕೇಳದೆ, ನೆರೆಹೊರೆಯವರಿಗೆಲ್ಲ ಆ ಮಾತು ಕಲಿಸಿ ಬಂದಳಂತೆ. ಹುಡುಗಿ ಡಾಕ್ಟರ್ ಆಗಬೇಕು, ಒಂದು ಮಾತು ಅಂದರೆ ನಮ್ಮ ಗಂಟೇನು ಹೋಗುತ್ತದೆ ಎಂದು ಇಡೀ ಓಣಿ ಒಪ್ಪಿತು. ಎಲ್ಲರೂ ಹಾಗೆಯೇ ಹೇಳಿದರು.

ನೀನು ಎರಡು ಕಟ್ಟು ತಂದು ಮೇಜಿನ ಮೇಲಿಟ್ಟೆ. "ಮೇಡಂ, ಇದು ಅವ್ರು ತಾವಾಗಿ ಹೇಳಿದ್ದು. ಇದು ಅವ್ವ ಕಲಿಸಿದ್ದು. ಯಾವ್ದು ಬರೀಲಿ, ನೀವ ಹೇಳ್ರಿ."

ನಾನು ಎರಡನೆಯ ಕಟ್ಟನ್ನು ಬೆರಳಿನಿಂದ ನಿನ್ನ ಕಡೆ ಸರಿಸಿದೆ.

ನೀನು "ಆಗೂದಿಲ್ರಿ ಮೇಡಂ," ಅಂದು ಎರಡನ್ನೂ ಎತ್ತಿಕೊಂಡು ಹೋದೆ. ಮತ್ತೆ ಬರಲಿಲ್ಲ. ಲೇಖನ ಪ್ರಕಟವಾಗದೆ ಅವಧಿ ಮುಗಿಯಿತು, ನಿನ್ನ ನೋಂದಣಿ ರದ್ದಾಯಿತು. ಆ ಕಾಗದದಲ್ಲಿ 'ಪ್ರಗತಿ ತೃಪ್ತಿಕರವಾಗಿಲ್ಲ' ಎಂದು ಬರೆದು ಸಹಿ ಹಾಕಿದ ಕೈ ಇದೇ.

ಇಷ್ಟಾದರೂ ನಾನು ಸುಮ್ಮನೇ ಇರುತ್ತಿದ್ದೆನೋ ಏನೋ. ಹೋದ ತಿಂಗಳು ಹುನಗುಂದದಿಂದ ಬರುವಾಗ ಬಸ್ಸು ಅಮೀನಗಡದಲ್ಲಿ ನಿಂತಾಗ ಕೆಳಗಿಳಿದೆ. ಕರದಂಟಿನ ಅಂಗಡಿಯ ಮುಂದೆ ನಿಮ್ಮವ್ವ. ಹಿಂದೊಮ್ಮೆ ನಿನ್ನ ಜೊತೆ ವಿಭಾಗಕ್ಕೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದಳಲ್ಲ, ನನ್ನ ಗುರುತು ಹಿಡಿದಳು. ಪೊಟ್ಟಣವೊಂದನ್ನು ಕೈಗಿಟ್ಟು ಅಂದಳು: "ಆಕಿ ಮ್ಯಾಲ ಸಿಟ್ಟಾಗಬ್ಯಾಡ್ರಿ. ತಪ್ಪು ನಂದ್ರಿ. ಮೊದಲ್ನೇ ಸಲ ಕೇಳಿದಾಗ ನಾ ಸರಿ ಹೇಳ್ಲಿಲ್ಲ. ಸಾಲಿ ಕಲೀಲಾರದವ್ರು ನಾವು — ನಮ್ಮಿಂದ ಆಕಿ ಓದು ನಿಂತ್ಹೋತು."

ಆಕೆಯ ಕಣ್ಣು ತುಂಬಿದ್ದವು. ನಾನು ಏನಂದೆ ಗೊತ್ತೇ? "ಇರ್ಲಿ ಬಿಡ್ರಿ," ಅಂದೆ. ಕ್ಷಮಿಸಿದವಳ ಹಾಗೆ. ಅಷ್ಟು ಅಂದು ಬಸ್ಸು ಹತ್ತಿದೆ.

ಲೇಖನ ಬರೆದಾಗ ಗಡುವಿನ ಭಯವಿತ್ತು, ನಿನ್ನ ಕಟ್ಟು ಸರಿಸಿದಾಗ ಮಾನದ ಭಯವಿತ್ತು. ಆ ಬಸ್ಸಿನ ಬಾಗಿಲಲ್ಲಿ ಯಾವ ಭಯವಿತ್ತು? ಹುಡುಕಿದ್ದೇನೆ — ಸಿಕ್ಕಿಲ್ಲ.

ಲೇಖನವನ್ನು ಹಿಂದಕ್ಕೆ ಪಡೆಯಬೇಕೆಂದು ಪತ್ರಿಕೆಗೆ ಬರೆದಿದ್ದೇನೆ. ವಿಶ್ವವಿದ್ಯಾಲಯಕ್ಕೂ ಬರೆದಿದ್ದೇನೆ, ನಿನ್ನ ಮೊದಲ ಕಟ್ಟು ಸತ್ಯವಾಗಿತ್ತು, ಅದನ್ನು ತಿರಸ್ಕರಿಸಿದವಳು ನಾನು ಎಂಬುದನ್ನೂ ಸೇರಿಸಿ. ನನ್ನ ಪದವಿ ಉಳಿಯುತ್ತದೋ ಇಲ್ಲವೋ, ಅದು ಅವರಿಗೆ ಬಿಟ್ಟದ್ದು. ನಿನ್ನ ಕಳೆದ ವರ್ಷಗಳನ್ನು ಯಾರೂ ಕೊಡಲಾರರು. ಕ್ಷಮಿಸು ಎಂದು ಕೇಳುವ ಮುಖವೂ ನನಗಿಲ್ಲ.

ಈ ಪತ್ರವನ್ನು ಅವ್ವನಿಗೆ ನೀನು ಓದಿ ಹೇಳಬೇಡ. ಆಕೆಯದು ಏನೂ ತಪ್ಪಿಲ್ಲ ಎಂಬ ಮಾತನ್ನು ನಾನೇ ಆಡಬೇಕು, ಆಕೆಯ ಎದುರು ನಿಂತು. ಬರುವ ರವಿವಾರ ನಿಮ್ಮ ಓಣಿಗೆ ಬರುತ್ತೇನೆ. ಮನೆ ಯಾವುದೆಂದು ಗೊತ್ತಿಲ್ಲ. ಕೇಳಿಕೊಂಡು ಬರುತ್ತೇನೆ.