ಚೆಂದದ ಅರ್ಧ

ಇವತ್ತು ಬೆಳಿಗ್ಗೆ ಸೊಸೆ ಬೀಗರ ಮನೆಗೆ ಕಳಿಸಲು ಮಾವಿನಹಣ್ಣು ಆರಿಸುತ್ತಿದ್ದಳು. ಕಲೆ ಬಿದ್ದವು ನಮಗೆ, ನುಣುಪಾದವು ಬುಟ್ಟಿಗೆ. ನೋಡುತ್ತ ಕೂತಿದ್ದ ನಾನು ಎದ್ದು ಅಂಗಳದಲ್ಲಿ ನಾಲ್ಕು ಸುತ್ತು ಹಾಕಿದೆ. "ಯಾಕ್ರಿ ಮಾವ, ಹಣ್ಣು ಬೇಕಿತ್ತೇನ್ರಿ?" ಅಂದಳು. ಬೇಕಿರಲಿಲ್ಲ. ಹಾಗೆ ಆರಿಸುವ ಕೈಯನ್ನು ಕಂಡರೆ ನನಗೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ. ಯಾಕೆಂದು ಹೇಳಿಬಿಡುತ್ತೇನೆ, ಕೇಳಿ.

ಆಗ ನಮಗೆ ಮದರಾಸೇ ದೊಡ್ಡ ಊರು, ಸರಕಾರವೂ ಅಲ್ಲಿಯದೇ. ಹೊಸಪೇಟೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಕಂಪೌಂಡರ್. ಔಷಧಿ ಬೆರೆಸುವುದಕ್ಕಿಂತ ಗತ್ತು ಮಾಡುವುದೇ ಹೆಚ್ಚು. ಸರ್ಜನರು ಗಡ್ಡೆ ತೆಗೆದರೆ ಅದನ್ನು ಔಷಧದ ನೀರು ತುಂಬಿದ ಶೀಶೆಗೆ ಹಾಕಿ, ಅರಗಿನ ಮುದ್ರೆ ಒತ್ತಿ, ರೈಲಿನಲ್ಲಿ ಮದರಾಸಿಗೆ ಕಳಿಸುವುದು ನನ್ನ ಪಾಲಿನ ಕೆಲಸ. ಅಲ್ಲಿಯವರು ಅದನ್ನು ತೆಳ್ಳಗೆ ಹೆರೆದು, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಕೆಟ್ಟದ್ದೋ ಅಲ್ಲವೋ ಬರೆಯುತ್ತಿದ್ದರು. ಅವರು ಬರೆದದ್ದರ ಮೇಲೆ ಇಲ್ಲಿ ಒಬ್ಬರ ಕೈಯೋ ಕಾಲೋ ಉಳಿಯಬೇಕು, ಇಲ್ಲವೇ ಹೋಗಬೇಕು.

ಬುಕ್ಕಸಾಗರದ ಹಂಪಮ್ಮ ಬಂದದ್ದು ಬಲ ಮುಂಗೈಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಹೊತ್ತು. ಭತ್ತ ನಾಟಿ ಮಾಡುವುದರಲ್ಲಿ ಅವಳನ್ನು ಮೀರಿಸಿದವರಿಲ್ಲವಂತೆ. ಸರ್ಜನರು ಗಡ್ಡೆ ತೆಗೆದು ಕೈ ತೊಳೆಯಲು ಹೋದರು. ಆಗ ಅವಳ ಅತ್ತೆ ಒಳಗೆ ಬಂದಳು.

"ಮೈಯಾಗಿಂದು ಮಣ್ಣಿಗೆ ಹೋಗಬೇಕಪ್ಪ. ಗುರ್ತಿಲ್ಲದ ಊರಿಗೆ ಕಳಿಸಬ್ಯಾಡ. ನಮಗ ಕೊಡು."

ನಾನು ಉದಾರಿ. ಎರಡು ಹೋಳು ಮಾಡಿದೆ. ಒಂದು ಹೋಳು ಹಳದಿ, ಬೆಣ್ಣೆಯಂತೆ ನುಣ್ಣಗೆ. ಇನ್ನೊಂದು ಗಟ್ಟಿ, ಬೂದು ಬಣ್ಣ, ನೋಡಿದರೆ ಓಕರಿಕೆ. ಮದರಾಸಿನ ದೊಡ್ಡ ಡಾಕ್ಟರಿಗೆ ಇಂಥದ್ದನ್ನು ಕಳಿಸುವುದೇ? ನಮ್ಮ ಊರಿನ ಮರ್ಯಾದೆ ಏನಾಗಬೇಕು? ಚೆಂದದ ಅರ್ಧ ಶೀಶೆಗೆ ಹೋಯಿತು. ಇನ್ನರ್ಧವನ್ನು ಬಾಳೆಎಲೆಯಲ್ಲಿ ಕಟ್ಟಿ ಮುದುಕಿಗೆ ಕೊಟ್ಟೆ. ಅವಳು ನನ್ನ ತಲೆ ಸವರಿ ಹೋದಳು.

ಮೂರು ವಾರಕ್ಕೆ ಕಾಗದ ಬಂತು. ಬರೀ ಕೊಬ್ಬಿನ ಗಂಟು, ಚಿಂತೆಯಿಲ್ಲ. ಸರ್ಜನರು ಹುಬ್ಬು ಗಂಟಿಕ್ಕಿದರು. "ನನ್ನ ಕೈಗೆ ಗಟ್ಟಿಯಾಗಿ ಸಿಕ್ಕಿತ್ತಲ್ಲಯ್ಯ. ಇರಲಿ, ನೋಡಿದವರು ಅವರು," ಎಂದು ಕಾಗದ ಮಡಿಸಿಟ್ಟರು. ಗಟ್ಟಿಯಾಗಿದ್ದದ್ದು ಬುಕ್ಕಸಾಗರದ ಮಣ್ಣಿನಲ್ಲಿ ಕೊಳೆಯುತ್ತಿತ್ತು.

ಆದರೂ ನಾನು ಬಾಯಿ ಬಿಡಲಿಲ್ಲ. ಒಂದು ದಿನವಲ್ಲ, ಎಂಟು ದಿನ. ಔಷಧಿ ಅಳೆದರೆ ಅಳತೆ ತಪ್ಪುವುದು, ತಪ್ಪಿದ್ದನ್ನು ಚೆಲ್ಲಿ ಮತ್ತೆ ಅಳೆಯುವುದು. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಏನು ಹೋಗುತ್ತದೆಂದು ಪೂರ್ತಿ ಯೋಚಿಸುವ ಧೈರ್ಯವಿರಲಿಲ್ಲ.

ಒಂಬತ್ತನೆಯ ದಿನ ಸೈಕಲ್ ಹತ್ತಿದೆ. ಕಡ್ಡಿರಾಂಪುರದಲ್ಲಿ ನೀರು ಕುಡಿಯುವ ನೆಪದಲ್ಲಿ ಇಳಿದು, ತಿರುಗಿ ಹೋಗಿಬಿಡಲೇ ಎಂದು ಎರಡು ಸಲ ಸೈಕಲ್ ತಿರುಗಿಸಿದ್ದೂ ಉಂಟು. ಹಂಪಮ್ಮ ಗದ್ದೆಯ ಬದುವಿನ ಮೇಲೆ ಸಸಿಯ ಕಟ್ಟು ಬಿಚ್ಚುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಅವಳು ಕಟ್ಟನ್ನು ಕೆಳಗಿಟ್ಟಳು.

"ಡಾಕ್ಟರಿಗೆ ಹೇಳೀರೇನ್ರಿ?"

"ಇನ್ನೂ ಇಲ್ಲವ್ವ."

"ಮದ್ಲು ನನಗ ಯಾಕ ಹೇಳಿದ್ರಿ?"

"ಅವರು ಬೈತಾರ ಅಂತ."

"ನಾ ಬೈಯಂಗಿಲ್ಲ ಅಂತ ತಿಳ್ಕೊಂಡ್ರಿ," ಅಂದಳು. ಅಷ್ಟೇ. ಕಾಲಿನ ಕೆಸರು ತೊಳೆದುಕೊಂಡು ಬಂಡಿ ಕಟ್ಟಿಸಲು ಹೋದಳು.

ಆಸ್ಪತ್ರೆಗೆ ಬಂದು ಸರ್ಜನರಿಗೂ ಎಲ್ಲವನ್ನೂ ಹೇಳಿದೆ. ಅವರು ನನ್ನನ್ನು ಬೈಯದೆ ಅವಳ ಕೈ ಹಿಡಿದು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಗಾಯದ ಅಂಚಿನಲ್ಲಿ ಆಗಲೇ ಕಡಲೆಯಷ್ಟು ಗಂಟು ಎದ್ದಿತ್ತು. ಅದನ್ನು ತೆಗೆದು ತಾವೇ ಶೀಶೆಗೆ ಹಾಕಿ, ತಾವೇ ಮುದ್ರೆ ಒತ್ತಿದರು. ಈ ಸಲ ಉತ್ತರ ಉದ್ದವಾಗಿತ್ತು. ಇಂಥದ್ದು ಅಪರೂಪ, ಒಂದೇ ಗಡ್ಡೆಯಲ್ಲಿ ಒಂದು ಮಗ್ಗುಲು ಸಾಧು, ಇನ್ನೊಂದು ಪ್ರಾಣ ತೆಗೆಯುವಂಥದ್ದು, ಕೈ ಉಳಿಸಿಕೊಂಡರೆ ಜೀವ ಉಳಿಯದು ಎಂದು. ಮೊಣಕೈ ಮೇಲಿನಿಂದ ಕೈ ಕತ್ತರಿಸಿ ತೆಗೆದರು. ಹಂಪಮ್ಮ ಬದುಕಿದಳು, ಮೊಮ್ಮಕ್ಕಳನ್ನೂ ಕಂಡಳು.

ಈ ಕತೆಯನ್ನು ನಾನು ನಗಿಸಲಿಕ್ಕೆಂದು ಎಷ್ಟೋ ಕಡೆ ಹೇಳಿದ್ದೇನೆ. ಚೆಂದದ ಅರ್ಧ ಶೀಶೆಗೆ ಹೋದಲ್ಲಿಗೆ ನಿಲ್ಲಿಸುತ್ತಿದ್ದೆ, ಜನ ನಗುತ್ತಿದ್ದರು. ಎಂಟು ದಿನದ ಸುದ್ದಿ ಹೇಳಿದ್ದು ಇವತ್ತೇ, ನಿಮಗೇ. ಕಾಗದ ಬಂದ ದಿನವೇ ಹೋಗಿದ್ದರೆ ಅವಳ ಕೈ ಉಳಿಯುತ್ತಿತ್ತೇ? ಸರ್ಜನರು ಆಮೇಲೆ ಬಹಳ ವರ್ಷ ಬದುಕಿದ್ದರು. ದಿನವೂ ಎದುರಿಗೇ ಇದ್ದರು. ಇಲ್ಲ ಅಂದಿದ್ದರೆ ಹಗುರಾಗುತ್ತಿದ್ದೆ. ಹೌದು ಅಂದಾರೆಂದು ಕೇಳಲಿಲ್ಲ. ಈಗ ಕೇಳಬೇಕೆನಿಸಿದೆ, ಹೇಳುವವರು ಯಾರೂ ಉಳಿದಿಲ್ಲ.