ನಾಲ್ಕು ಬೆರಳಿನ ಪದ

ಹೊನ್ನವ್ವನ ಮೊದಲ ಗ್ರಾಮೋಫೋನ್ ತಟ್ಟೆಯಲ್ಲಿ ಅವಳ ಹೆಸರನ್ನು ನುಂಗಿ ನೀರು ಕುಡಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಎಲ್ಲಾದರೂ ನಾನು ದೊಡ್ಡ ಮನುಷ್ಯನ ಹಾಗೆ ಕಂಡರೆ ನೀವು ಮೋಸ ಹೋಗಬಾರದು.

ಹೊನ್ನವ್ವ ಗಜೇಂದ್ರಗಡದ ನೇಕಾರ ಹೆಣ್ಣುಮಗಳು. ನಾನು ಅದೇ ಓಣಿಯ ಸಾಲಿ ಮಾಸ್ತರ, ಪ್ರಾಣೇಶ. ಹಾರ್ಮೋನಿಯಂ ಬಾರಿಸುತ್ತಿದ್ದೆ; ನಮ್ಮ ಕಡೆ ಅದಕ್ಕೆ ಪೆಟಗಿ ಅನ್ನುತ್ತಾರೆ. ಅವಳು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಲಾಳಿ ಒಗೆಯುತ್ತ, ಬಾಯಲ್ಲೇ ಪದ ಕಟ್ಟುತ್ತಿದ್ದಳು. ಓದು ಬರಹ ಇರಲಿಲ್ಲ. ಮಗ್ಗ ನಿಂತಿತೆಂದರೆ ಪದವೂ ನಿಂತಿತು ಎಂದೇ ಓಣಿಯವರ ಲೆಕ್ಕ.

ಐವತ್ನಾಲ್ಕರಲ್ಲಿ ಹುಬ್ಬಳ್ಳಿಗೆ ಒಂದು ರೆಕಾರ್ಡ್ ಕಂಪನಿಯವರು ಬಂದಿದ್ದರು. ಅವಳ ಪದ ಕೇಳಿ ತಟ್ಟೆ ಮಾಡುತ್ತೇವೆ ಅಂದರು. ತಟ್ಟೆಯ ಒಂದು ಮಗ್ಗುಲಿಗೆ ಮೂರೇ ನಿಮಿಷ. ವೇಳೆ ಮುಗಿಯುತ್ತ ಬಂದಾಗ ಗೋಡೆಯ ಮೇಲೆ ಕೆಂಪು ದೀಪ ಹತ್ತುತ್ತದೆ, ಆಮೇಲೆ ಯಂತ್ರ ನಿಲ್ಲುತ್ತದೆ. ನಾನೋ, ನನ್ನ ವಿದ್ಯೆಯನ್ನೆಲ್ಲ ಪೆಟಗಿಗೆ ಸುರಿದು, ಪದಕ್ಕಿಂತ ಮೊದಲು ಮುಕ್ಕಾಲು ನಿಮಿಷ ಬಾರಿಸಿದೆ. ಅವಳು ಕೊನೆಯ ನುಡಿಗೆ ಬರುವಷ್ಟರಲ್ಲಿ ದೀಪ ಹತ್ತಿ, ಯಂತ್ರ ನಿಂತೇ ಹೋಯಿತು. ಪದ ಕಟ್ಟಿದವರ ಹೆಸರು ಬರುವುದು ಆ ಕೊನೆಯ ನುಡಿಯಲ್ಲಿ. ಅದಿಲ್ಲದ ಪದವನ್ನು ನಮ್ಮ ಸೀಮೆಯಲ್ಲಿ ಯಾರೂ ಪೂರ್ತಿ ಅನ್ನುವುದಿಲ್ಲ. ತಟ್ಟೆಯ ಚೀಟಿಯ ಮೇಲೆ ಹಾಡಿದವಳು ಹೊನ್ನವ್ವ ಎಂದಿತ್ತು, ಕಟ್ಟಿದವರು ಯಾರೆಂದು ಇರಲಿಲ್ಲ. ‘ಚಲೋ ಬಂದದ ಬಿಡವಾ, ಅಷ್ಟಕ್ಕ ಯಾಕ ಮನಸಿಗೆ ಹಚ್ಕೋತಿ’ ಅಂದಿದ್ದೆ. ಈಗ ನೆನೆಸಿಕೊಂಡರೂ ನಾಚಿಕೆಯಾಗುತ್ತದೆ.

ತಟ್ಟೆ ಚೆನ್ನಾಗಿಯೇ ಓಡಿತು. ಬಸ್ ಸ್ಟ್ಯಾಂಡಿನ ಲಾಡಸಾಬನ ಚಹಾದಂಗಡಿಯಲ್ಲಿ ದಿನಾ ಅದೇ. ಎರಡು ವರ್ಷದ ಮೇಲೆ ಹೊನ್ನವ್ವ ಭೀಮವ್ವ ತಾಯಿಯ ದರ್ಶನಕ್ಕೆಂದು ಇಟಗಿಗೆ ಹೋದಳು. ಗುಡಿಯ ಅಂಗಳದಲ್ಲಿ ಹೆಂಗಸರು ಕೂತು ಅವಳ ಪದವನ್ನೇ ಹಾಡುತ್ತಿದ್ದರು. ಕೊನೆಗೊಂದು ಹೊಸ ನುಡಿ ಬಂತು. ಅದರಲ್ಲಿ ಭಜನೆಯ ಮುಶಿಗೇರಿ ಶಿವನಪ್ಪನ ಹೆಸರು! ಪಾಪ, ಶಿವನಪ್ಪ ಕಳ್ಳನಲ್ಲ. ತಟ್ಟೆಯಿಂದ ಕಲಿತ, ಹೆಸರಿಲ್ಲದ ಪದವನ್ನು ಭಜನೆಯಲ್ಲಿ ಹಾಡುವುದು ಹೇಗೆಂದು ತನ್ನದನ್ನೇ ಸೇರಿಸಿದ, ಅಷ್ಟೇ. ಹೊನ್ನವ್ವ ಇದು ನಂದು ಅಂದಾಗ ಒಬ್ಬಾಕೆ, ‘ಶಿವನಪ್ಪನ ಪದಾ ತಟ್ಟ್ಯಾಗ ಹಾಡಿದಾಕಿ ನೀನ ಏನವಾ? ಭಾಳ ಚಲೋ ಹಾಡೀದಿ’ ಎಂದು ಮೆಚ್ಚಿ ಬೆನ್ನು ತಟ್ಟಿದಳಂತೆ.

ಎರಡು ದಿನ ಅವಳ ಮನೆಯಿಂದ ಮಗ್ಗದ ಸಪ್ಪಳ ಕೇಳಲಿಲ್ಲ. ಮೂರನೆಯ ದಿನ ನಾನೇ ಹೋದೆ.

‘ಹಡದಾಕಿ ನಾನರಿ ಮಾಸ್ತರ, ಹೆಸರು ಮಂದೀದು’ ಅಂದಳು.

ಮರುವರ್ಷ ಕಂಪನಿಯವರು ಎರಡನೆಯ ತಟ್ಟೆಗೆ ಕರೆದರು. ‘ಈ ಸಲ ನನ್ನ ಹೆಸರ ಬರಬೇಕ್ರಿ. ಬರಲಿಲ್ಲಂದ್ರ ನಾ ಮುಂದ ಪದಾ ಕಟ್ಟಾಂಗಿಲ್ಲ’ ಎಂದು ಹೇಳಿಯೇ ಹೊಸ ಪದಕ್ಕೆ ಕೈಹಾಕಿದಳು.

ಮೂರು ನಿಮಿಷ ಅಳೆಯಲು ಮನೆಯಲ್ಲಿ ಗಡಿಯಾರ ಎಲ್ಲಿಂದ ಬರಬೇಕು? ಲಾಡಸಾಬನಿಂದ ಗ್ರಾಮೋಫೋನ್ ತರಿಸಿ, ಹಳೆಯ ತಟ್ಟೆ ಹಚ್ಚಿಸಿ, ಅದು ತಿರುಗುವಷ್ಟು ಹೊತ್ತು ನೇಯ್ದಳು. ತಟ್ಟೆ ನಿಂತಾಗ ಹೊಸ ಬಟ್ಟೆಯ ಮೇಲೆ ಬೆರಳಿಟ್ಟು ನೋಡಿದಳು. ನಾಲ್ಕು ಬೆರಳು. ಅಲ್ಲಿಂದ ಅದೇ ಅಳತೆ. ಪದ ಐದನೆಯ ಬೆರಳಿಗೆ ಹೋಯಿತೋ, ಒಂದು ನುಡಿ ಕಿತ್ತು ಹಾಕುತ್ತಿದ್ದಳು. ಅವಳು ಬಿಟ್ಟ ನುಡಿಗಳು ನನಗೆ ಇಂದಿಗೂ ಬಾಯಿಪಾಠ. ಕಡೆಗೆ ನಾಲ್ಕನೆಯ ಬೆರಳು ತುಂಬುವಾಗ ಸರಿಯಾಗಿ,

‘ಗಜೇಂದ್ರಗಡದಾಗ ಲಾಳೀಯ ಒಗಿಯಾಕಿ
ಹೊನ್ನವ್ವ ನೇಯ್ದಾಳ ಈ ಪದವ’

ಎಂದು ಬಂದು ನಿಂತಿತು. ನನ್ನ ಪೆಟಗಿಗೆ ಒಂದು ಎಳೆಯಷ್ಟೂ ಜಾಗವಿರಲಿಲ್ಲ. ಶ್ರುತಿ ಹಿಡಿದು ಕೂಡುತ್ತೇನೆ ತಗೋ ಅಂದೆ. ಒಳಗೊಳಗೇ ಮುಖ ಉಬ್ಬಿಸಿಕೊಂಡಿದ್ದೆ, ಸುಳ್ಳೇಕೆ ಹೇಳಲಿ.

ಹುಬ್ಬಳ್ಳಿಯಲ್ಲಿ ಜಮಖಾನೆಯ ಮೇಲೆ ಕೂಡಿಸಿದರು. ಹಾಡಿದಳು. ಹೆಸರು ಬರಲು ಇನ್ನೂ ಎರಡು ಸಾಲಿರುವಾಗಲೇ ಕೆಂಪು ದೀಪ ಹತ್ತಿತು! ಕಾಲು ಸುಮ್ಮನಿಟ್ಟು ಅವಳು ಆ ಪದ ಹಾಡಿದ್ದೇ ಇಲ್ಲವೆಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ತುಳಿಯಲು ಮಗ್ಗವಿಲ್ಲದೆ ಪದ ಉದ್ದವಾಗಿಬಿಟ್ಟಿತ್ತು. ಅವಳ ಮುಖ ಇಷ್ಟಾಯಿತು. ಇನ್ನೊಂದು ಸಲ ಮಾತ್ರ, ಆಮೇಲೆ ಆಗದು ಅಂದರು ಕಂಪನಿಯ ಸಾಹೇಬರು.

ನಾನು ಮೂಲೆಯ ಮೇಜನ್ನು ಎಳೆದು ತಂದೆ. ‘ಇದರ ಮ್ಯಾಲೆ ಕೂಡು. ಕಾಲ ಇಳಿಬಿಡು. ಮಗ್ಗಾ ಅಂತ ತಿಳಕೊಂಡು ತುಳಿ ನೋಡೂಣು.’ ಅವಳು ನಾಚುತ್ತ ಹತ್ತಿ ಕೂತಳು. ಗಾಳಿಯಲ್ಲಿ ಕಾಲಾಡಿದ್ದೇ ತಡ, ಗುನುಗುತ್ತಿದ್ದ ಪದ ತನ್ನ ನಡಿಗೆಗೆ ಬಂತು.

ಆಗ ಸಾಹೇಬರು ನನ್ನ ಕಡೆ ತಿರುಗಿದರು. ‘ಮೊದಲಿಗೆ ಪೆಟಗಿ ಬೇಕ್ರಿ. ಹಿಂದಿನ ತಟ್ಟಿ ಓಡಿದ್ದು ನಿಮ್ಮ ಕೈಯಿಂದ.’ ಈ ಒಂದು ಮಾತು ಕೇಳಲು ನಾನು ಮೂರು ವರ್ಷ ಕಾದಿದ್ದೆ ಸ್ವಾಮಿ! ಹೊನ್ನವ್ವ ನನ್ನ ಮುಖ ನೋಡಿದಳು.

‘ಗಾಳಿ ತಿದಿ ಈಗಷ್ಟ ಹರದದರೀ. ಸ್ವರಾ ಹೊಂಡೂದಿಲ್ಲ’ ಅಂದೆ, ಪೆಟಗಿಯನ್ನು ಬೆನ್ನ ಹಿಂದೆ ಸರಿಸುತ್ತ.

ಸಾಹೇಬರು ಸಿಡಿಮಿಡಿಗೊಂಡರೂ ಬೇರೆ ದಾರಿಯಿರಲಿಲ್ಲ. ಕಂಪನಿಯ ತಂಬೂರಿಯೊಂದರ ಮೇಲೆಯೇ ಅವಳು ಹಾಡಿದಳು. ಹೊನ್ನವ್ವ ಎಂಬ ಹೆಸರು ಬಂತು, ಪದ ಮುಗಿಯಿತು, ಆಮೇಲೆ ದೀಪ ಹತ್ತಿತು.

ತಟ್ಟೆ ಊರಿಗೆ ಬಂದ ದಿನ ಲಾಡಸಾಬನ ಅಂಗಡಿಯಲ್ಲಿ ಜನ ಚಹಾ ಆರಿಸಿಕೊಂಡು ಕೇಳಿದರು. ಮುಶಿಗೇರಿ ಶಿವನಪ್ಪ ಈ ಪದವನ್ನು ಅವಳ ಹೆಸರಿನಿಂದಲೇ ಹಾಡಿದ, ಹಳೆಯದರಿಂದಲೂ ತನ್ನ ಹೆಸರು ತೆಗೆದ. ‘ಮಾಸ್ತರ, ಪೆಟಗಿ ಕೇಳಸವಲ್ದು; ನೀವು ಹುಬ್ಬಳ್ಳಿಗೆ ಹೋಗಿದ್ರಿ ಹೌದಲ್ಲೋ?’ ಎಂದು ಲಾಡಸಾಬ ಕಾಡಿಸಿದ. ಬಸ್ಸಿನಲ್ಲಿ ಕೂತು ಬಂದೆನಪ್ಪ ಅಂದೆ.

ಮುಂದೆ ಓಣಿಯಲ್ಲೊಂದು ತೊಟ್ಟಿಲ ಕಾರ್ಯ. ಹೊನ್ನವ್ವನಿಗೆ ಅದೇ ಪದ ಹಾಡೆಂದರು. ನಾನು ಪಕ್ಕದಲ್ಲಿ ಕೂತು ಪೆಟಗಿಯಲ್ಲಿ ಶ್ರುತಿಯ ಒಂದೇ ಕೀಲಿಯ ಮೇಲೆ ಬೆರಳಿಟ್ಟು ಕಾದೆ. ಅವಳು ಶುರು ಮಾಡಲೇ ಇಲ್ಲ. ಹಾರ್ಮೋನಿಯಮ್ಮಿನ ತಿದಿಯನ್ನು ಒಮ್ಮೆ ಕೈಯಿಂದ ಸವರಿ, ಸೆರಗು ಸರಿಮಾಡಿಕೊಂಡು ಹಿಂದಕ್ಕೆ ಸರಿದು ಕೂತಳು.

‘ಮೊದ್ಲ ನೀವು ಬಾರಸ್ರಿ ಮಾಸ್ತರ. ಭಾಳೊತ್ತು ಬಾರಸ್ರಿ. ಇಲ್ಲೆ ಕೆಂಪ ದೀಪ ಇಲ್ಲ.’